ಲೆಕ್ಕಪುಸ್ತಕದಲ್ಲಿ ಕಾಣದ ಕಚ್ಚಾ ಸಾಮಗ್ರಿ: ಸಮುದ್ರದ ನೀರು ಮತ್ತು ಒಂದು ಹ್ಯಾಚರಿಯ ಪಾಠ

ಯಾವುದೇ ಉತ್ಪಾದನಾ ಘಟಕದ ವೆಚ್ಚದ ಪಟ್ಟಿಯನ್ನು ತೆರೆದು ನೋಡಿದರೆ ಅದರಲ್ಲಿ ಕಚ್ಚಾ ಸಾಮಗ್ರಿ, ಕೂಲಿ, ವಿದ್ಯುತ್, ಸಾಗಾಣಿಕೆ, ಬಡ್ಡಿ, ಸವಕಳಿ ಮೊದಲಾದ ಬಾಬುಗಳು ಕ್ರಮವಾಗಿ ನಮೂದಾಗಿರುತ್ತವೆ. ಬೆಲೆ ಕೊಟ್ಟು ಕೊಂಡ ವಸ್ತುವಿಗೆ ಮಾತ್ರ ಅಲ್ಲಿ ಸ್ಥಾನವುಂಟು. ಗಾಳಿ, ಬಿಸಿಲು, ಮಳೆ, ಸಮುದ್ರದ ನೀರು ಇವುಗಳಿಗೆ ಯಾರೂ ಬಿಲ್ಲು ಕಳುಹಿಸುವುದಿಲ್ಲವಾದ್ದರಿಂದ ಅವುಗಳಿಗೆ ಖಾತೆಯೂ ಇರುವುದಿಲ್ಲ. ಆದರೆ ಬಿಲ್ಲಿಲ್ಲದೆ ಬರುವ ವಸ್ತುವಿನ ಗುಣಮಟ್ಟ ಕೆಟ್ಟಾಗ ಉದ್ದಿಮೆಗೆ ಒದಗುವ ನಷ್ಟ ಮಾತ್ರ ಲಾಭ-ನಷ್ಟ ಖಾತೆಯಲ್ಲಿ ಕಾಣಿಸಿಕೊಂಡೇ ತೀರುತ್ತದೆ.

ಅಮೆರಿಕದ ಪಶ್ಚಿಮ ಕರಾವಳಿಯ ಒರೆಗಾನ್ ರಾಜ್ಯದಲ್ಲಿ 2007 ಮತ್ತು 2008ರಲ್ಲಿ ಇಂತಹ ಪ್ರಸಂಗವೊಂದು ನಡೆಯಿತು. ಸಮುದ್ರದ ನೀರನ್ನೇ ಆಧಾರವಾಗಿಟ್ಟುಕೊಂಡಿದ್ದ ಒಂದು ಖಾಸಗಿ ಘಟಕ ಮುಚ್ಚುವ ಸ್ಥಿತಿಗೆ ಬಂದು, ವಿಶ್ವವಿದ್ಯಾನಿಲಯದ ಸಂಶೋಧಕರ ನೆರವಿನಿಂದ ಪಾರಾಯಿತು. ಸಾಗರದ ಆರೋಗ್ಯವೆಂಬುದು ಪರಿಸರಪ್ರೇಮಿಗಳ ಚರ್ಚೆಗೆ ಸೀಮಿತವಾದ ವಿಷಯವೆಂದು ಭಾವಿಸಿರುವ ವರ್ತಕರು ಹಾಗೂ ಸಣ್ಣ ಉದ್ದಿಮೆದಾರರು ಈ ಪ್ರಸಂಗವನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳುವುದು ಒಳಿತು.

ಉದ್ದಿಮೆಯ ಸ್ವರೂಪ

ಎರಡು ಚಿಪ್ಪುಗಳ ನಡುವೆ ಮೃದುವಾದ ದೇಹವನ್ನು ಹುದುಗಿಸಿಕೊಂಡು ಬದುಕುವ ಆಯ್‌ಸ್ಟರ್ ಎಂಬ ಸಿಂಪಿ ಜೀವಿಯನ್ನು ಒರೆಗಾನ್, ವಾಷಿಂಗ್ಟನ್ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳ ಕೊಲ್ಲಿಗಳಲ್ಲಿ ಆಹಾರಕ್ಕಾಗಿ ಬೆಳೆಸಲಾಗುತ್ತದೆ. ಅಲ್ಲಿ ಹೆಚ್ಚಾಗಿ ಬೆಳೆಯುವ ತಳಿ ಮೂಲತಃ ಜಪಾನಿನದು. ಆ ಕರಾವಳಿಯ ನೀರು ತಣ್ಣಗಿರುವುದರಿಂದ ಕೆಲವೇ ಕೊಲ್ಲಿಗಳನ್ನು ಬಿಟ್ಟರೆ ಉಳಿದೆಡೆ ಈ ತಳಿ ತಾನಾಗಿ ಸಂತಾನೋತ್ಪತ್ತಿ ಮಾಡುವುದಿಲ್ಲ. ಹಿಂದೆ ಮರಿಗಳನ್ನು ಜಪಾನಿನಿಂದಲೇ ಹಡಗಿನಲ್ಲಿ ತರಿಸಲಾಗುತ್ತಿತ್ತು. ಅನಂತರದ ದಶಕಗಳಲ್ಲಿ ಆ ಕೆಲಸವನ್ನು ಸ್ಥಳೀಯ ಹ್ಯಾಚರಿಗಳು ವಹಿಸಿಕೊಂಡವು.

ಕೃಷಿಕನಿಗೆ ಬಿತ್ತನೆ ಬೀಜದ ಕಂಪನಿ ಹೇಗೋ, ಸಿಂಪಿ ಸಾಕಣೆದಾರನಿಗೆ ಹ್ಯಾಚರಿ ಹಾಗೆ. ಹ್ಯಾಚರಿಯವರು ಕೊಲ್ಲಿಯ ನೀರನ್ನು ಪಂಪಿನಿಂದ ತೊಟ್ಟಿಗಳಿಗೆ ಏರಿಸಿ, ಹದವಾಗಿ ಬಿಸಿ ಮಾಡಿ, ಅದರಲ್ಲಿ ಮೊಟ್ಟೆಗಳನ್ನು ಫಲಗೊಳಿಸಿ, ಎರಡು ಮೂರು ವಾರಗಳ ಕಾಲ ಮರಿಗಳನ್ನು ಸಾಕುತ್ತಾರೆ. ಬರಿಗಣ್ಣಿಗೆ ಕಾಣಲು ಕಷ್ಟವಾಗುವಷ್ಟು ಸೂಕ್ಷ್ಮವಾದ ಈ ಮರಿಗಳನ್ನು ಸೋಸಿ, ಲಕ್ಷಾಂತರ ಮರಿಗಳನ್ನು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಉಂಡೆಯಾಗಿ ಒದ್ದೆ ಬಟ್ಟೆಯಲ್ಲಿ ಸುತ್ತಿ, ತಂಪಾದ ಪೆಟ್ಟಿಗೆಗಳಲ್ಲಿ ಸಾಕಣೆದಾರರಿಗೆ ರವಾನಿಸುತ್ತಾರೆ. ಸಾಕಣೆದಾರರು ಅವುಗಳನ್ನು ಹಳೆಯ ಚಿಪ್ಪುಗಳ ಮೇಲೆ ನೆಲೆಗೊಳಿಸಿ ಕೊಲ್ಲಿಯಲ್ಲಿ ಬಿಡುತ್ತಾರೆ. ಮಾರಾಟಕ್ಕೆ ಯೋಗ್ಯವಾದ ಗಾತ್ರಕ್ಕೆ ಬರಲು ಸಾಮಾನ್ಯವಾಗಿ ಎರಡು ಮೂರು ವರ್ಷ ಹಿಡಿಯುತ್ತದೆ. ಆದ್ದರಿಂದ ಇಂದು ಮರಿಗಳ ಕೊರತೆಯಾದರೆ ಅದರ ಪೂರ್ಣ ಪರಿಣಾಮ ಸಾಕಣೆದಾರನ ಮಾರಾಟದ ಲೆಕ್ಕದಲ್ಲಿ ಕಾಣುವುದು ಎರಡು ಮೂರು ವರ್ಷಗಳ ನಂತರ.

ಒರೆಗಾನ್‌ನ ನೆಟಾರ್ಟ್ಸ್ ಕೊಲ್ಲಿಯ ದಡದಲ್ಲಿರುವ ವಿಸ್ಕಿ ಕ್ರೀಕ್ ಹ್ಯಾಚರಿ ಇಂತಹ ಮರಿಗಳನ್ನು ಒದಗಿಸುವ ಪ್ರಮುಖ ಘಟಕಗಳಲ್ಲಿ ಒಂದು. ಇಡೀ ಕರಾವಳಿಗೆ ಮರಿ ಪೂರೈಸುವ ದೊಡ್ಡ ಹ್ಯಾಚರಿಗಳು ಬೆರಳೆಣಿಕೆಯಷ್ಟೇ ಇದ್ದುದರಿಂದ, ಸ್ವಂತ ಹ್ಯಾಚರಿಯಿಲ್ಲದ ಅನೇಕ ಸಣ್ಣ ಸಾಕಣೆದಾರರ ಜೀವನೋಪಾಯ ಈ ಒಂದು ಘಟಕದ ತೊಟ್ಟಿಗಳನ್ನು ಅವಲಂಬಿಸಿತ್ತು.

ಕಾರಣ ತಿಳಿಯದ ಕುಸಿತ

2007ರ ಸುಮಾರಿಗೆ ಈ ಹ್ಯಾಚರಿಯ ತೊಟ್ಟಿಗಳಲ್ಲಿ ಮರಿಗಳು ಸಾಮೂಹಿಕವಾಗಿ ಸಾಯತೊಡಗಿದವು. ಕೆಲವು ತಂಡಗಳು ಮೊದಮೊದಲು ಆರೋಗ್ಯವಾಗಿಯೇ ಕಂಡು, ಕೆಲವು ದಿನಗಳ ನಂತರ ಬೆಳವಣಿಗೆ ನಿಲ್ಲಿಸಿ, ಆಹಾರ ಬಿಟ್ಟು ತೊಟ್ಟಿಯ ತಳ ಸೇರುತ್ತಿದ್ದವು. 2008ರ ವೇಳೆಗೆ ಉತ್ಪಾದನೆಯ ಸುಮಾರು ನಾಲ್ಕರಲ್ಲಿ ಮೂರು ಪಾಲು ಕೈತಪ್ಪಿತ್ತು. ಸಂಬಳ, ವಿದ್ಯುತ್ ಮತ್ತು ಮರಿಗಳ ಆಹಾರದ ವೆಚ್ಚ ಹಿಂದಿನಂತೆಯೇ ಇದ್ದು ಮಾರಾಟ ಮಾತ್ರ ಈ ಪ್ರಮಾಣದಲ್ಲಿ ಇಳಿದರೆ ಯಾವ ಸಣ್ಣ ಘಟಕವೂ ಹೆಚ್ಚು ಕಾಲ ತಡೆದುಕೊಳ್ಳಲಾರದು.

ಮೊದಲು ಸಂಶಯ ಹೋದದ್ದು ರೋಗಾಣುಗಳ ಮೇಲೆ. ಸಿಂಪಿಯ ಮರಿಗಳನ್ನು ಕೊಲ್ಲುವ ವಿಬ್ರಿಯೊ ಜಾತಿಯ ಬ್ಯಾಕ್ಟೀರಿಯಾ ನೀರಿನಲ್ಲಿ ಕಂಡುಬಂದಿದ್ದರಿಂದ ಆ ಸಂಶಯ ಸಹಜವೂ ಆಗಿತ್ತು. ಹ್ಯಾಚರಿಯವರು ದುಬಾರಿಯಾದ ನೀರು ಶುದ್ಧೀಕರಣ ಯಂತ್ರಗಳನ್ನು ಅಳವಡಿಸಿದರು. ನೀರಿನಲ್ಲಿನ ಬ್ಯಾಕ್ಟೀರಿಯಾ ಹತೋಟಿಗೆ ಬಂದಿತು, ಆದರೆ ಮರಿಗಳ ಸಾವು ನಿಲ್ಲಲಿಲ್ಲ. ತಪ್ಪು ರೋಗನಿದಾನಕ್ಕೆ ಮಾಡಿದ ಬಂಡವಾಳ ವೆಚ್ಚ ಎಷ್ಟೇ ಉತ್ತಮವಾದ ಯಂತ್ರಕ್ಕೆ ಸಂದರೂ ನಷ್ಟವನ್ನು ತಡೆಯದು ಎಂಬುದಕ್ಕೆ ಇದು ನಿದರ್ಶನ.

ಇದೇ ಅವಧಿಯಲ್ಲಿ ನೆರೆಯ ವಾಷಿಂಗ್ಟನ್ ರಾಜ್ಯದ ವಿಲಪಾ ಕೊಲ್ಲಿಯಲ್ಲಿಯೂ ಸಮಸ್ಯೆ ತಲೆದೋರಿತ್ತು. ಮರಿಗಳು ತಾವಾಗಿ ಹುಟ್ಟಿ ನೆಲೆಗೊಳ್ಳುವ ಕೆಲವೇ ಸ್ಥಳಗಳಲ್ಲಿ ಒಂದಾದ ಅಲ್ಲಿ 2005ರಿಂದ ಹಲವು ವರ್ಷ ನೈಸರ್ಗಿಕ ಮರಿಗಳು ದಕ್ಕಲಿಲ್ಲ. ಹೀಗೆ ನಿಸರ್ಗದ ಮೂಲವೂ ಹ್ಯಾಚರಿಯ ಮೂಲವೂ ಏಕಕಾಲಕ್ಕೆ ಬತ್ತಿದವು.

ಸಮುದ್ರದ ನೀರಿನಲ್ಲಿ ಆಗುತ್ತಿರುವ ಬದಲಾವಣೆ

ಸಾವಿನ ಕಾರಣವನ್ನು ಅರ್ಥಮಾಡಿಕೊಳ್ಳಲು ಸಮುದ್ರದ ರಸಾಯನವನ್ನು ಸ್ವಲ್ಪಮಟ್ಟಿಗೆ ತಿಳಿಯಬೇಕಾಗುತ್ತದೆ. ಕಲ್ಲಿದ್ದಲು, ಪೆಟ್ರೋಲಿಯಂ ಮೊದಲಾದವುಗಳನ್ನು ಉರಿಸುವುದರಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಅನಿಲವೆಲ್ಲ ವಾತಾವರಣದಲ್ಲಿಯೇ ಉಳಿಯುವುದಿಲ್ಲ. ಅದರ ಸುಮಾರು ನಾಲ್ಕನೆಯ ಒಂದು ಭಾಗವನ್ನು ಸಮುದ್ರ ಹೀರಿಕೊಳ್ಳುತ್ತದೆ. ಕೈಗಾರಿಕಾ ಕ್ರಾಂತಿಗೆ ಮೊದಲು ವಾತಾವರಣದ ಪ್ರತಿ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗಗಳಷ್ಟಿದ್ದ ಈ ಅನಿಲ ಇಂದು 420 ಭಾಗಗಳನ್ನು ಮೀರಿದೆ.

ಈ ಅನಿಲ ನೀರಿನಲ್ಲಿ ಕರಗಿದಾಗ ಕಾರ್ಬಾನಿಕ್ ಆಮ್ಲ ಉಂಟಾಗುತ್ತದೆ. ಸೋಡಾ ಬಾಟಲಿಯ ನೀರಿಗೆ ಹುಳಿಯ ಸ್ಪರ್ಶ ಬರುವುದು ಇದರಿಂದಲೇ. ಆಮ್ಲೀಯತೆಯನ್ನು ಸೂಚಿಸುವ ಪಿಎಚ್ ಅಳತೆಯಲ್ಲಿ ಸಮುದ್ರದ ಮೇಲ್ಮೈ ನೀರಿನ ಸರಾಸರಿ ಮೌಲ್ಯ ಕೈಗಾರಿಕಾ ಯುಗದಲ್ಲಿ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ಸಮುದ್ರದ ನೀರು ಇಂದಿಗೂ ಕ್ಷಾರೀಯವೇ ಆಗಿದ್ದು, ಬದಲಾವಣೆ ಆಮ್ಲದ ದಿಕ್ಕಿನಲ್ಲಿ ಸಾಗಿರುವುದರಿಂದ ವಿಜ್ಞಾನಿಗಳು ಇದನ್ನು ಸಾಗರದ ಆಮ್ಲೀಕರಣವೆಂದು ಕರೆಯುತ್ತಾರೆ. 0.1ರ ವ್ಯತ್ಯಾಸ ಕ್ಷುಲ್ಲಕವೆಂದು ತೋರಬಹುದು. ಆದರೆ ಪಿಎಚ್ ಅಳತೆಯ ಪ್ರತಿಯೊಂದು ಅಂಕಿಯೂ ಹತ್ತುಪಟ್ಟು ವ್ಯತ್ಯಾಸವನ್ನು ಸೂಚಿಸುವುದರಿಂದ, ಇಷ್ಟು ಸಣ್ಣ ಇಳಿಕೆಯೂ ಆಮ್ಲೀಯತೆಗೆ ಕಾರಣವಾದ ಹೈಡ್ರೋಜನ್ ಅಯಾನುಗಳಲ್ಲಿ ಸುಮಾರು ಶೇ. 26ರಷ್ಟು ಏರಿಕೆಗೆ ಸಮ.

ಸಿಂಪಿಯ ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟಿನಿಂದಾದುದು. ಕರಾವಳಿಯಲ್ಲಿ ಚಿಪ್ಪನ್ನು ಸುಟ್ಟು ಸುಣ್ಣ ತಯಾರಿಸುವುದನ್ನು ಬಲ್ಲವರಿಗೆ ಇದು ಹೊಸ ವಿಷಯವಲ್ಲ. ಚಿಪ್ಪು ಕಟ್ಟಲು ಬೇಕಾದ ಕ್ಯಾಲ್ಸಿಯಂ ಸಮುದ್ರದಲ್ಲಿ ಧಾರಾಳವಾಗಿದೆ. ಕೊರತೆ ಬೀಳುವುದು ಕಾರ್ಬೊನೇಟಿಗೆ. ಹೆಚ್ಚುವರಿ ಹೈಡ್ರೋಜನ್ ಅಯಾನುಗಳು ಕಾರ್ಬೊನೇಟಿನೊಡನೆ ಕೂಡಿಕೊಂಡು ಅದನ್ನು ಚಿಪ್ಪಿನ ಕೆಲಸಕ್ಕೆ ಒದಗದಂತೆ ಮಾಡುತ್ತವೆ. ಮರಿಗಳ ಮೊದಲ ಚಿಪ್ಪು ಅರಗೊನೈಟ್ ಎಂಬ ರೂಪದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿದ್ದು ಅದು ಸುಲಭವಾಗಿ ಕರಗುವಂತಹುದು. ನೀರಿನಲ್ಲಿ ಅರಗೊನೈಟ್ ಕಟ್ಟಿಕೊಳ್ಳುವುದು ಎಷ್ಟು ಸುಲಭ ಎಂಬುದನ್ನು ಸಂತೃಪ್ತಿ ಸೂಚ್ಯಂಕದಿಂದ ಅಳೆಯುತ್ತಾರೆ. ಈ ಸೂಚ್ಯಂಕ 1ಕ್ಕಿಂತ ಕೆಳಗಿಳಿದರೆ ರಕ್ಷಣೆಯಿಲ್ಲದ ಅರಗೊನೈಟ್ ಕರಗತೊಡಗುತ್ತದೆ.

ಐವತ್ತು ವರ್ಷಗಳ ಹಿಂದಿನ ಬಾಕಿ

ಸಮುದ್ರದ ಸರಾಸರಿ ಬದಲಾವಣೆ ಇಷ್ಟು ನಿಧಾನವಾಗಿದ್ದರೆ ಒಂದು ಹ್ಯಾಚರಿ ಒಂದೆರಡು ವರ್ಷಗಳಲ್ಲಿ ಕುಸಿದದ್ದೇಕೆ? ಇದಕ್ಕೆ ಉತ್ತರ ಆ ಕರಾವಳಿಯ ಗಾಳಿಯಲ್ಲಿದೆ. ವಸಂತ ಮತ್ತು ಬೇಸಿಗೆಯಲ್ಲಿ ಅಲ್ಲಿ ಉತ್ತರ ದಿಕ್ಕಿನಿಂದ ಬೀಸುವ ಗಾಳಿ ಮೇಲ್ಮೈ ನೀರನ್ನು ದಡದಿಂದ ದೂರಕ್ಕೆ ತಳ್ಳುತ್ತದೆ. ತೆರವಾದ ಜಾಗವನ್ನು ತುಂಬಲು ಆಳದ ತಣ್ಣನೆಯ ನೀರು ಮೇಲಕ್ಕೆ ಬರುತ್ತದೆ. ಈ ಆಳದ ನೀರಿನಲ್ಲಿ ಪೋಷಕಾಂಶಗಳು ಹೇರಳವಾಗಿರುವುದರಿಂದಲೇ ಆ ಕರಾವಳಿ ಮತ್ಸ್ಯಸಂಪತ್ತಿಗೆ ಹೆಸರಾಗಿದೆ. ಆದರೆ ಆಳಕ್ಕೆ ಇಳಿಯುವ ಜೈವಿಕ ಪದಾರ್ಥ ಅಲ್ಲಿ ಕೊಳೆಯುವಾಗ ಆಮ್ಲಜನಕ ಖರ್ಚಾಗಿ ಇಂಗಾಲದ ಡೈಆಕ್ಸೈಡ್ ಸೇರಿಕೊಳ್ಳುವುದರಿಂದ, ಈ ನೀರಿಗೆ ಆಮ್ಲೀಯತೆಯೂ ಸ್ವಾಭಾವಿಕವಾಗಿಯೇ ಹೆಚ್ಚು. ಅದರ ಮೇಲೆ ಮನುಷ್ಯನಿಂದ ಬಂದ ಪಾಲೂ ಕೂಡಿಕೊಂಡಿದೆ.

ರಿಚರ್ಡ್ ಫೀಲಿ ಅವರ ನೇತೃತ್ವದ ತಂಡವೊಂದು 2007ರ ಬೇಸಿಗೆಯ ಆರಂಭದಲ್ಲಿ ಕೆನಡಾದಿಂದ ಮೆಕ್ಸಿಕೋವರೆಗಿನ ಕರಾವಳಿಯಲ್ಲಿ ಸಮೀಕ್ಷೆ ನಡೆಸಿ, ಚಿಪ್ಪನ್ನು ಕರಗಿಸಬಲ್ಲ ನೀರು ದಡದ ಸಮೀಪದ ಆಳವಿಲ್ಲದ ಸಮುದ್ರಕ್ಕೆ ಬರುತ್ತಿರುವುದನ್ನು 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿತು. ಒರೆಗಾನ್ ಸ್ಟೇಟ್ ವಿಶ್ವವಿದ್ಯಾನಿಲಯದ ಬರ್ಕ್ ಹೇಲ್ಸ್ ಈ ತಂಡದ ಸದಸ್ಯರಲ್ಲಿ ಒಬ್ಬರು. ಹೀಗೆ ಮೇಲೇಳುವ ನೀರು ಕೊನೆಯ ಬಾರಿ ವಾತಾವರಣದ ಸಂಪರ್ಕದಲ್ಲಿದ್ದುದು ಸುಮಾರು ಐವತ್ತು ವರ್ಷಗಳ ಹಿಂದೆ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ಅಂದರೆ 2007ರಲ್ಲಿ ದಡಕ್ಕೆ ಬಂದ ನೀರು ಹೊತ್ತು ತಂದದ್ದು 1950ರ ದಶಕದ ಹೊಗೆಯ ಬಾಕಿಯನ್ನು. ಅನಂತರದ ದಶಕಗಳ ಹೆಚ್ಚಿನ ಬಾಕಿಯನ್ನು ಹೊತ್ತ ನೀರು ಈಗಾಗಲೇ ಆಳದಲ್ಲಿ ದಾರಿಯಲ್ಲಿದೆ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಹುಂಡಿ ಬರೆದುಕೊಟ್ಟಾಗಿದೆ, ಅದರ ವಾಯಿದೆ ಮಾತ್ರ ಇನ್ನೂ ಬರಬೇಕಾಗಿದೆ.

ವಿಶ್ವವಿದ್ಯಾನಿಲಯ ಮತ್ತು ಹ್ಯಾಚರಿಯ ಸಹಯೋಗ

ಒರೆಗಾನ್ ಸ್ಟೇಟ್ ವಿಶ್ವವಿದ್ಯಾನಿಲಯಕ್ಕೂ ಸಿಂಪಿ ಉದ್ದಿಮೆಗೂ ಮೊದಲಿನಿಂದಲೇ ಸಂಪರ್ಕವಿತ್ತು. ಅದರ ನ್ಯೂಪೋರ್ಟ್ ಕೇಂದ್ರದಲ್ಲಿ ಕ್ರಿಸ್ ಲ್ಯಾಂಗ್ಡನ್ ಅವರ ನೇತೃತ್ವದಲ್ಲಿ 1996ರಿಂದ ಸಿಂಪಿ ತಳಿ ಅಭಿವೃದ್ಧಿ ಕಾರ್ಯಕ್ರಮ ನಡೆದುಕೊಂಡು ಬಂದಿತ್ತು. ಹೀಗಾಗಿ ಆಪತ್ತು ಬಂದಾಗ ಹ್ಯಾಚರಿಯವರಿಗೆ ಯಾರ ಬಾಗಿಲು ತಟ್ಟಬೇಕೆಂಬುದು ತಿಳಿದಿತ್ತು.

ಹ್ಯಾಚರಿಯ ಅಲನ್ ಬಾರ್ಟನ್, ವಿಶ್ವವಿದ್ಯಾನಿಲಯದ ಹೇಲ್ಸ್, ಜಾರ್ಜ್ ವಾಲ್ಡ್‌ಬಸ್ಸರ್ ಹಾಗೂ ಲ್ಯಾಂಗ್ಡನ್ ಮತ್ತು ಫೀಲಿ ಇವರು ಜೊತೆಗೂಡಿ 2009ರ ಬೇಸಿಗೆಯಲ್ಲಿ ಹ್ಯಾಚರಿಗೆ ಬರುವ ನೀರಿನ ರಸಾಯನವನ್ನೂ, ಪ್ರತಿಯೊಂದು ತಂಡದ ಮರಿಗಳ ಬೆಳವಣಿಗೆಯನ್ನೂ ಜೊತೆಜೊತೆಯಾಗಿ ದಾಖಲಿಸಿದರು. ಪ್ರಯೋಗಾಲಯದ ಕೃತಕ ಪರಿಸ್ಥಿತಿಯಲ್ಲಲ್ಲದೆ, ನಡೆಯುತ್ತಿರುವ ವಾಣಿಜ್ಯ ಘಟಕದ ತೊಟ್ಟಿಗಳಲ್ಲಿಯೇ ನಡೆದ ಅಧ್ಯಯನವಿದು. ಹ್ಯಾಚರಿಯ ಉತ್ಪಾದನಾ ದಾಖಲೆಗಳು ಅಚ್ಚುಕಟ್ಟಾಗಿದ್ದುದರಿಂದಲೇ ಅದು ಸಾಧ್ಯವಾಯಿತು. ಫಲಿತಾಂಶ 2012ರಲ್ಲಿ ಪ್ರಕಟವಾಯಿತು.

ಮೊಟ್ಟೆ ಫಲಗೊಂಡ ಮೊದಲ 48 ಗಂಟೆಗಳಲ್ಲಿ ನೀರಿನ ಸಂತೃಪ್ತಿ ಸೂಚ್ಯಂಕ ಎಷ್ಟಿತ್ತು ಎಂಬುದರ ಮೇಲೆ ಮರಿಗಳ ಮುಂದಿನ ಬೆಳವಣಿಗೆ ಮತ್ತು ಉಳಿವು ನಿಂತಿದೆ ಎಂಬುದು ಅದರ ಸಾರಾಂಶ. ಮೊದಲ ಎರಡು ದಿನಗಳ ಕೆಟ್ಟ ನೀರಿನ ಪರಿಣಾಮ ಆಗಲೇ ಕಾಣದೆ, ದಿನಗಳು ಕಳೆದ ಮೇಲೆ ಪ್ರಕಟವಾಗುತ್ತಿತ್ತು. ಸಾವಿನ ದಿನದ ನೀರನ್ನು ಮಾತ್ರ ಪರೀಕ್ಷಿಸಿದವರಿಗೆ ಕಾರಣ ಸಿಗದಿದ್ದುದು ಇದರಿಂದಲೇ. ಸೂಚ್ಯಂಕ 1ಕ್ಕಿಂತ ಮೇಲಿದ್ದು, ಚಿಪ್ಪು ಕರಗುವ ಹಂತ ತಲುಪದಿದ್ದಾಗಲೂ ಹಾನಿಯಾಗುತ್ತಿತ್ತು ಎಂಬುದು ಇನ್ನೊಂದು ಮುಖ್ಯ ಅಂಶ.

ಹೀಗೇಕೆ ಎಂಬುದನ್ನು ವಾಲ್ಡ್‌ಬಸ್ಸರ್ ಮತ್ತು ಸಂಗಡಿಗರು 2013ರಲ್ಲಿ ವಿವರಿಸಿದರು. ಹುಟ್ಟಿದ ಮರಿಗೆ ಮೊದಲು ಆಹಾರ ಸೇವಿಸುವ ಅಂಗಗಳಿರುವುದಿಲ್ಲ. ಮೊಟ್ಟೆಯಲ್ಲಿ ತಾಯಿ ಇಟ್ಟ ಪೋಷಕಾಂಶವೇ ಅದರ ಏಕೈಕ ಬಂಡವಾಳ. ಆ ಬಂಡವಾಳದಿಂದಲೇ ಎರಡು ದಿನಗಳೊಳಗೆ ಅದು ತನ್ನ ಮೊದಲ ಚಿಪ್ಪನ್ನು ಕಟ್ಟಿ ಮುಗಿಸಬೇಕು. ಆ ಹೊತ್ತಿಗೆ ಅದರ ತೂಕದ ಸುಮಾರು ಶೇ. 90 ಭಾಗ ಚಿಪ್ಪೇ ಆಗಿರುತ್ತದೆ. ನೀರಿನಲ್ಲಿ ಕಾರ್ಬೊನೇಟ್ ಕಡಿಮೆಯಾದಾಗ ಅದೇ ಚಿಪ್ಪಿಗೆ ಹೆಚ್ಚು ಶಕ್ತಿ ವ್ಯಯವಾಗುತ್ತದೆ. ಅಲ್ಪ ದುಡಿಯುವ ಬಂಡವಾಳದಿಂದ ಅಂಗಡಿ ಕಟ್ಟಲು ಹೊರಟವನಿಗೆ ಇಟ್ಟಿಗೆಯ ಬೆಲೆ ಏರಿದರೆ, ಅಂಗಡಿ ತೆರೆದು ಮೊದಲ ವ್ಯಾಪಾರ ಮಾಡುವ ಮುನ್ನವೇ ಕೈ ಬರಿದಾಗುತ್ತದೆ. ಮರಿಯ ಸ್ಥಿತಿಯೂ ಅದೇ. ಚಿಪ್ಪು ಕರಗಿ ಅದು ಸಾಯುವುದಿಲ್ಲ, ಬಂಡವಾಳ ಮುಗಿದು ಸಾಯುತ್ತದೆ.

ಪರಿಹಾರ ಕ್ರಮಗಳು

ಕಾರಣ ತಿಳಿದ ನಂತರ ಪರಿಹಾರ ಅಷ್ಟೇನೂ ಜಟಿಲವಾಗಿರಲಿಲ್ಲ. ಮೊದಲನೆಯದು ನೀರು ತೆಗೆಯುವ ವೇಳೆಯ ಬದಲಾವಣೆ. ರಾತ್ರಿ ಕೊಲ್ಲಿಯ ಸಸ್ಯಗಳೂ ಪ್ರಾಣಿಗಳೂ ಉಸಿರಾಡುವುದರಿಂದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ. ಹಗಲಿನಲ್ಲಿ ಕೊಲ್ಲಿಯ ತಳದಲ್ಲಿ ಬೆಳೆದಿರುವ ಕಡಲಹುಲ್ಲು ಹಾಗೂ ಪಾಚಿ ಬಿಸಿಲಿನಲ್ಲಿ ಆಹಾರ ತಯಾರಿಸುವಾಗ ಆ ಅನಿಲವನ್ನು ಹೀರಿಕೊಳ್ಳುತ್ತವೆ. ಆದ್ದರಿಂದ ಮಧ್ಯಾಹ್ನದ ನಂತರದ ನೀರು ಬೆಳಗಿನ ನೀರಿಗಿಂತ ಉತ್ತಮ. ಪಂಪು ಚಾಲನೆಯ ವೇಳೆ ಬದಲಿಸಲು ಹೆಚ್ಚಿನ ವೆಚ್ಚವೇನೂ ಬೇಕಾಗಲಿಲ್ಲ. ಕೊಲ್ಲಿಯ ಕಡಲಹುಲ್ಲನ್ನು ಉಳಿಸಿಕೊಳ್ಳುವುದು ಕೂಡ ವ್ಯಾಪಾರದ ಹಿತದೃಷ್ಟಿಯ ಕ್ರಮವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಕರಾವಳಿಯ ಸಂರಕ್ಷಣೆಗೂ ಘಟಕದ ಉತ್ಪಾದನೆಗೂ ನೇರ ಸಂಬಂಧವಿರುವುದು ಇಲ್ಲಿಯೇ.

ಎರಡನೆಯದು, ತೊಟ್ಟಿಯ ನೀರಿಗೆ ಸೋಡಾ ಆಷ್ ಅಂದರೆ ಸೋಡಿಯಂ ಕಾರ್ಬೊನೇಟ್ ಸೇರಿಸುವುದು. ಗಾಜು ಮತ್ತು ಡಿಟರ್ಜೆಂಟ್ ಕೈಗಾರಿಕೆಗಳಲ್ಲಿ ಬಳಕೆಯಾಗುವ ಈ ಸಾಮಾನ್ಯ ರಾಸಾಯನಿಕವನ್ನು ತಕ್ಕ ಪ್ರಮಾಣದಲ್ಲಿ ಸೇರಿಸಿದರೆ ನೀರಿನ ಕಾರ್ಬೊನೇಟ್ ಕೊರತೆ ನೀಗುತ್ತದೆ. ಆದರೆ ಪ್ರಮಾಣವನ್ನು ನಿರ್ಧರಿಸಲು ನೀರಿನ ಸ್ಥಿತಿ ಗಂಟೆಗಂಟೆಗೂ ತಿಳಿಯಬೇಕು. ಅದಕ್ಕಾಗಿ ಹೇಲ್ಸ್ ರೂಪಿಸಿದ, ನೀರಿನ ಇಂಗಾಲ ರಸಾಯನವನ್ನು ಸತತವಾಗಿ ಅಳೆಯುವ ಉಪಕರಣವನ್ನು ಹ್ಯಾಚರಿಗಳಲ್ಲಿ ಅಳವಡಿಸಲಾಯಿತು. ಅವರ ಹೆಸರಿನಿಂದಲೇ ಅದಕ್ಕೆ ‘ಬರ್ಕೊಲೇಟರ್’ ಎಂಬ ಅಡ್ಡಹೆಸರು ಬಂದಿದೆ. ಪಿಎಚ್ ಒಂದನ್ನೇ ಅಳೆದರೆ ಸಾಲದು, ಮರಿಗಳ ಚಿಪ್ಪಿನ ಬೆಳವಣಿಗೆಯನ್ನು ನಿರ್ಧರಿಸುವುದು ಸಂತೃಪ್ತಿ ಸೂಚ್ಯಂಕ ಎಂಬುದನ್ನು ಇದೇ ವಿಶ್ವವಿದ್ಯಾನಿಲಯದ ತಂಡ 2015ರಲ್ಲಿ ಪ್ರತ್ಯೇಕ ಪ್ರಯೋಗಗಳಿಂದ ತೋರಿಸಿತು. ಈ ಕ್ರಮಗಳಿಂದ ಹ್ಯಾಚರಿಯ ಉತ್ಪಾದನೆ ಗಣನೀಯವಾಗಿ ಚೇತರಿಸಿಕೊಂಡಿತು.

ಎಲ್ಲರೂ ಇದೇ ದಾರಿ ಹಿಡಿಯಲಿಲ್ಲ. ವಿಲಪಾ ಕೊಲ್ಲಿಯ ಒಂದು ಕುಟುಂಬದ ಸಂಸ್ಥೆ ತನ್ನ ಹ್ಯಾಚರಿಯನ್ನು ಸಾವಿರಾರು ಕಿಲೋಮೀಟರ್ ದೂರದ ಹವಾಯಿ ದ್ವೀಪದಲ್ಲಿ ಸ್ಥಾಪಿಸಿ, ಅಲ್ಲಿಂದ ಮರಿಗಳನ್ನು ತರಿಸಿಕೊಳ್ಳಲು ನಿರ್ಧರಿಸಿತು. ನೀರಿನ ಗುಣಮಟ್ಟಕ್ಕಾಗಿ ಬಂಡವಾಳವೇ ಊರು ಬಿಟ್ಟು ಹೋದ ಉದಾಹರಣೆ ಇದು.

ಸಂಘಟನೆಯ ಪಾತ್ರ

ಈ ಪ್ರಸಂಗದಲ್ಲಿ ವ್ಯಾಪಾರಿ ಸಂಘಟನೆಯ ಪಾತ್ರವೂ ಹಿರಿದು. ಪೆಸಿಫಿಕ್ ಕರಾವಳಿಯ ಚಿಪ್ಪುಜೀವಿ ಸಾಕಣೆದಾರರ ಸಂಘವು ಸಮಸ್ಯೆಯನ್ನು ಒಂದು ಘಟಕದ ನಷ್ಟವೆಂದು ಬಿಡದೆ, ಇಡೀ ಉದ್ದಿಮೆಯ ಪ್ರಶ್ನೆಯಾಗಿ ಕೈಗೆತ್ತಿಕೊಂಡಿತು. ವಾಷಿಂಗ್ಟನ್ ರಾಜ್ಯದ ಸೆನೆಟರ್ ಮರಿಯಾ ಕ್ಯಾಂಟ್ವೆಲ್ ಅವರ ಪ್ರಯತ್ನದಿಂದ ಹ್ಯಾಚರಿಗಳ ನೀರಿನ ಮಾಪನ ವ್ಯವಸ್ಥೆಗೆ ಕೇಂದ್ರ ಸರ್ಕಾರದ 5 ಲಕ್ಷ ಡಾಲರ್ ದೊರೆಯಿತು. ಆ ರಾಜ್ಯದ ಚಿಪ್ಪುಜೀವಿ ಉದ್ದಿಮೆಯ ವಾರ್ಷಿಕ ಆರ್ಥಿಕ ಕೊಡುಗೆ ಸುಮಾರು 27 ಕೋಟಿ ಡಾಲರ್ ಮತ್ತು ಅದನ್ನು ಅವಲಂಬಿಸಿದ ಉದ್ಯೋಗಗಳು ಸುಮಾರು 3,200 ಎಂದು ಆಗ ಅಂದಾಜಿಸಲಾಗಿತ್ತು. ಇದಕ್ಕೆ ಹೋಲಿಸಿದರೆ ಮಾಪನದ ವೆಚ್ಚ ಅತ್ಯಲ್ಪ.

ಅಲ್ಲಿನ ರಾಜ್ಯಪಾಲೆ ಕ್ರಿಸ್ಟೀನ್ ಗ್ರೆಗ್ವಾರ್ ನೇಮಿಸಿದ ಪರಿಣತರ ಸಮಿತಿ 2012ರಲ್ಲಿ 42 ಶಿಫಾರಸುಗಳನ್ನು ನೀಡಿತು. ಅದರ ಫಲವಾಗಿ 2013ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಸಾಗರ ಆಮ್ಲೀಕರಣ ಅಧ್ಯಯನ ಕೇಂದ್ರ ಸ್ಥಾಪನೆಯಾಯಿತು. ಒರೆಗಾನ್ ರಾಜ್ಯ 2017ರಲ್ಲಿ ಇದೇ ವಿಷಯಕ್ಕೆ ಸಮನ್ವಯ ಮಂಡಳಿಯನ್ನು ಶಾಸನದ ಮೂಲಕ ರಚಿಸಿತು.

ಪರಿಹಾರದ ಮಿತಿ

ಇಷ್ಟಾದರೂ ಸೋಡಾ ಆಷ್‌ನಿಂದ ಸರಿಪಡಿಸಬಹುದಾದದ್ದು ತೊಟ್ಟಿಯ ನೀರನ್ನು ಮಾತ್ರ, ಕೊಲ್ಲಿಯ ನೀರನ್ನಲ್ಲ. ಹ್ಯಾಚರಿಯಿಂದ ಹೊರಟ ಮರಿಗಳು ಉಳಿದ ಆಯುಷ್ಯವನ್ನು ಕಳೆಯಬೇಕಾದುದು ತೆರೆದ ಕೊಲ್ಲಿಯಲ್ಲಿಯೇ. ಹ್ಯಾಚರಿಯ ಆಶ್ರಯವಿಲ್ಲದ ಕಾಡು ಸಿಂಪಿಗಳಿಗೆ ಮತ್ತು ಮೀನುಗಳ ಆಹಾರವಾದ ಸೂಕ್ಷ್ಮ ಚಿಪ್ಪುಜೀವಿಗಳಿಗೆ ಸೋಡಾ ಹಾಕುವವರಿಲ್ಲ. ಮೇಲಾಗಿ, ಹಿಂದೆ ಸೊನ್ನೆಯಾಗಿದ್ದ ನೀರಿನ ಬಾಬು ಈಗ ಉಪಕರಣ, ರಾಸಾಯನಿಕ ಹಾಗೂ ಪರಿಣತರ ಸಂಬಳದ ರೂಪದಲ್ಲಿ ಪ್ರತಿ ವರ್ಷದ ಖರ್ಚಾಗಿದೆ. ಹೊಗೆಯ ಪ್ರಮಾಣ ಇಳಿಯದ ಹೊರತು ಈ ಖರ್ಚು ಏರುವುದೇ ಹೊರತು ಇಳಿಯುವುದಿಲ್ಲ. ಹ್ಯಾಚರಿಯ ಪರಿಹಾರವನ್ನು ಕಾಲಾವಕಾಶ ಕೊಂಡದ್ದೆಂದು ತಿಳಿಯಬೇಕಲ್ಲದೆ ಸಾಲ ತೀರಿತೆಂದು ತಿಳಿಯಬಾರದು.

ಕರ್ನಾಟಕದ ಕರಾವಳಿಯ ದೃಷ್ಟಿಯಿಂದ

ಆಳದ ನೀರು ಮೇಲೇಳುವ ವಿದ್ಯಮಾನ ಒರೆಗಾನ್‌ಗೆ ಮಾತ್ರ ಸೀಮಿತವಲ್ಲ. ನೈಋತ್ಯ ಮುಂಗಾರಿನ ಅವಧಿಯಲ್ಲಿ ಭಾರತದ ಪಶ್ಚಿಮ ಕರಾವಳಿಯಲ್ಲಿಯೂ ಅದು ನಡೆಯುತ್ತದೆ. ಬೂತಾಯಿ, ಬಂಗುಡೆ ಮೀನುಗಳ ಸಮೃದ್ಧಿಗೆ ಆಧಾರವಾದ ಪೋಷಕಾಂಶಗಳು ಮೇಲೆ ಬರುವುದು ಈ ನೀರಿನೊಡನೆಯೇ. ಹಾಗೆಯೇ ಆಮ್ಲಜನಕ ಕಡಿಮೆಯಿರುವ ನೀರೂ ದಡದ ಸಮೀಪ ಬರುತ್ತದೆ. ಈ ಆಮ್ಲಜನಕದ ಕೊರತೆ ತೀವ್ರಗೊಳ್ಳುತ್ತಿರುವುದನ್ನು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2000ದಲ್ಲಿಯೇ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಆಮ್ಲಜನಕ ಕಡಿಮೆಯಾದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿರುವುದು ರಸಾಯನದ ಸಾಮಾನ್ಯ ನಿಯಮ.

ಆದರೆ ಒರೆಗಾನ್‌ನ ಅಂಕಿ ಅಂಶಗಳನ್ನು ಹಾಗೆಯೇ ಇಲ್ಲಿಗೆ ಅನ್ವಯಿಸುವುದು ಸರಿಯಲ್ಲ. ಉಷ್ಣವಲಯದ ಬೆಚ್ಚನೆಯ ಮೇಲ್ಮೈ ನೀರಿನಲ್ಲಿ ಸಂತೃಪ್ತಿ ಸೂಚ್ಯಂಕ ಸಾಮಾನ್ಯವಾಗಿ ಹೆಚ್ಚು. ಇನ್ನೊಂದೆಡೆ ಮಳೆಗಾಲದಲ್ಲಿ ನದಿಗಳ ಸಿಹಿನೀರು ಅಳಿವೆಗಳನ್ನು ತುಂಬಿದಾಗ ಅದು ಇಳಿಯುತ್ತದೆ. ಆದುದರಿಂದ ಇಲ್ಲಿಯ ನೀರನ್ನು ಇಲ್ಲಿಯೇ, ಋತುವಿನಿಂದ ಋತುವಿಗೆ ಅಳೆಯಬೇಕಾಗುತ್ತದೆ. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ಬಳಚು ಮೊದಲಾದ ಚಿಪ್ಪುಜೀವಿಗಳನ್ನು ಹೆಕ್ಕಿ ಮಾರಿ ಬದುಕುವ ಕುಟುಂಬಗಳಿಗೆ, ಐಸ್ ಕಾರ್ಖಾನೆ, ಮೀನು ಸಂಸ್ಕರಣೆ, ಮೀನೆಣ್ಣೆ, ಮೀನುಪುಡಿ, ಬಲೆ ಹಾಗೂ ಸಾಗಾಣಿಕೆಯ ವ್ಯವಹಾರಗಳಲ್ಲಿ ತೊಡಗಿರುವವರಿಗೆ ಸಮುದ್ರದ ನೀರೇ ಮೂಲ ಬಂಡವಾಳ. 1969ರಲ್ಲಿ ಆರಂಭವಾದ, ದೇಶದ ಮೊದಲ ಮೀನುಗಾರಿಕಾ ಕಾಲೇಜು ಮಂಗಳೂರಿನಲ್ಲಿಯೇ ಇದೆ. ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ, ಮಂಗಳೂರು ವಿಶ್ವವಿದ್ಯಾನಿಲಯಗಳೂ ಕರಾವಳಿಯಲ್ಲಿಯೇ ಇವೆ. ಬಾಗಿಲು ಹತ್ತಿರದಲ್ಲಿದೆ, ತಟ್ಟುವ ಅಭ್ಯಾಸ ಬೆಳೆಯಬೇಕಾಗಿದೆ.

ವರ್ತಕರು ಮತ್ತು ಉದ್ದಿಮೆದಾರರು ಗಮನಿಸಬೇಕಾದ ಅಂಶಗಳು

1. ಬೆಲೆ ಕೊಡದೆ ಬಳಸುವ ನೀರು, ಗಾಳಿ ಮೊದಲಾದವುಗಳ ಪಟ್ಟಿಯನ್ನು ಘಟಕದ ವೆಚ್ಚಪತ್ರದೊಡನೆ ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕು. ಅವುಗಳಲ್ಲಿ ಯಾವುದು ಕೆಟ್ಟರೆ ಉತ್ಪಾದನೆ ನಿಲ್ಲುತ್ತದೆ ಎಂಬುದನ್ನು ಗುರುತಿಸಬೇಕು.

2. ಉತ್ಪಾದನೆಯ ಪ್ರತಿಯೊಂದು ತಂಡದ ದಿನಾಂಕ, ಬಳಸಿದ ನೀರಿನ ಸ್ಥಿತಿ, ಸಿಕ್ಕ ಇಳುವರಿ ಮತ್ತು ನಷ್ಟವನ್ನು ದಾಖಲಿಸಬೇಕು. ಕಾರಣ ಮೊದಲು, ಪರಿಣಾಮ ತಡವಾಗಿ ಬರುವ ಪ್ರಸಂಗಗಳಲ್ಲಿ ಹಳೆಯ ದಾಖಲೆಯೇ ದಾರಿ ತೋರಿಸುತ್ತದೆ.

3. ನಷ್ಟದ ಕಾರಣ ಖಚಿತವಾಗುವ ಮುನ್ನ ದೊಡ್ಡ ಯಂತ್ರಗಳಿಗೆ ಬಂಡವಾಳ ಹೂಡಬಾರದು. ಪರೀಕ್ಷೆಯ ವೆಚ್ಚ ಯಂತ್ರದ ವೆಚ್ಚಕ್ಕಿಂತ ಸಾಮಾನ್ಯವಾಗಿ ಕಡಿಮೆ.

4. ಒಬ್ಬನೇ ಪೂರೈಕೆದಾರನನ್ನು ಅವಲಂಬಿಸಿದವರು ಆ ಪೂರೈಕೆದಾರನ ಆಪತ್ತನ್ನು ತಮ್ಮದೇ ಆಪತ್ತೆಂದು ಭಾವಿಸಿ ಮುಂಜಾಗ್ರತೆ ವಹಿಸಬೇಕು.

5. ಸಾಮಾಜಿಕ ಹೊಣೆಗಾರಿಕೆ ನಿಧಿಯ ವ್ಯಾಪ್ತಿಗೆ ಬರುವ ಕಂಪನಿಗಳು ಸಾರ್ವಜನಿಕ ಹಣದಿಂದ ನಡೆಯುವ ವಿಶ್ವವಿದ್ಯಾನಿಲಯಗಳ ವಿಜ್ಞಾನ ಸಂಶೋಧನೆಗೆ ನೀಡುವ ಕೊಡುಗೆಯನ್ನು, ಕಂಪನಿ ಅಧಿನಿಯಮ 2013ರ ಏಳನೆಯ ಅನುಸೂಚಿಗೆ 2019ರಲ್ಲಿ ಮಾಡಿದ ತಿದ್ದುಪಡಿಯಂತೆ ಆ ನಿಧಿಯಿಂದಲೇ ಭರಿಸಬಹುದು. ಆದರೆ ಸ್ವಂತ ಘಟಕದ ದೈನಂದಿನ ವ್ಯವಹಾರಕ್ಕಾಗಿ ಮಾಡಿದ ಖರ್ಚನ್ನು ಈ ಬಾಬಿನಲ್ಲಿ ತೋರಿಸುವಂತಿಲ್ಲ.

6. ಮಾಪನ ಉಪಕರಣ ಒಂದು ಸಣ್ಣ ಘಟಕಕ್ಕೆ ಭಾರವೆನಿಸಿದರೆ, ಸಂಘದ ಮೂಲಕ ಹಲವರು ಕೂಡಿ ಅದರ ವೆಚ್ಚವನ್ನು ಹಂಚಿಕೊಳ್ಳಬಹುದು. ಅಳತೆಯ ಅಂಕಿಗಳೂ ಆಗ ಎಲ್ಲರಿಗೂ ಲಭ್ಯವಾಗುತ್ತವೆ.

ನೆಟಾರ್ಟ್ಸ್ ಕೊಲ್ಲಿಯ ಹ್ಯಾಚರಿಯಲ್ಲಿ ಇಂದು ಪಂಪು ಚಾಲನೆ ಮಾಡುವ ಮುನ್ನ ಉಪಕರಣದ ಅಂಕಿಗಳನ್ನು ನೋಡುವುದು ದಿನನಿತ್ಯದ ಕ್ರಮದ ಭಾಗವಾಗಿದೆ. ಕಿರಾಣಿ ವರ್ತಕನು ಬಂದ ಸರಕನ್ನು ತೂಗಿ, ಮಾದರಿ ನೋಡಿ ದಾಸ್ತಾನು ಪುಸ್ತಕಕ್ಕೆ ತೆಗೆದುಕೊಳ್ಳುವಂತೆ, ಅಲ್ಲಿ ಸಮುದ್ರದ ನೀರನ್ನು ಅಳೆದು ಒಳಗೆ ಬಿಟ್ಟುಕೊಳ್ಳಲಾಗುತ್ತದೆ. ಒಳಬರುವ ಸರಕನ್ನು ಪರೀಕ್ಷಿಸುವುದು ವ್ಯಾಪಾರದ ಹಳೆಯ ನಿಯಮ. ಅದೇ ನಿಯಮವನ್ನು ಸಮುದ್ರಕ್ಕೂ ಅನ್ವಯಿಸಬೇಕಾದ ಕಾಲ ಬಂದಿದೆ.